ಹೊರೆಗಲ್ಲಿನ ದಾರಿ

ಎಲ್ಲಿಗೂ ಹೋಗುವ ಕೆಲಸವಿಲ್ಲದೆ ದಾರಿ ಹುಡುಕುವವರು ಇರುತ್ತಾರೆ ಎಂದು ನನಗೆ ಗೊತ್ತಾದದ್ದು ಮೊಮ್ಮಗಳಿಂದ. ಅವಳು ಕೊರಟಗೆರೆಯ ಒಂದು ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ವಾರವೆಲ್ಲ ನಿಂತೇ ಮಾಡುವ ಕೆಲಸ. ಭಾನುವಾರವಾದರೂ ಕಾಲು ಚಾಚಿ ಮಲಗಬಾರದೇ? ಬೆಳಕು ಹರಿಯುವಾಗಲೇ ಸೈಕಲ್ ಹತ್ತಿ, ಮಧುಗಿರಿ ದಾಟಿ, ನಮ್ಮೂರಿಗೆ ಬಂದುಬಿಡುತ್ತಾಳೆ. ನಮ್ಮೂರು ಮಧುಗಿರಿಗೂ ಶಿರಾಕ್ಕೂ ನಡುವೆ ಇದೆ. ತಲೆಗೆ ಬೋಗುಣಿ ಬೋರಲು ಹಾಕಿಕೊಂಡ ಹಾಗೆ ಒಂದು ಟೋಪಿ, ಮೊಣಕೈತನಕ ಧೂಳು, ಮುಖ ಕೆಂಪು. ಬಂದವಳೇ ಪಡಸಾಲೆಯಲ್ಲಿ ಅಂಗಾತ ಬೀಳುತ್ತಾಳೆ.

"ಯಾರಾನಾ ಅಟ್ಟಿಸ್ಕಂಡು ಬಂದ್ರೇನೇ?" ಎಂದು ಕೇಳುತ್ತೇನೆ.

"ಇಲ್ಲಜ್ಜಿ, ಸುಮ್ನೆ ಬಂದೆ."

"ಸುಮ್ನೆ ಬರಾಕೆ ಬಸ್ಸಿಗೇನಾಗಿತ್ತು?"

"ಬಸ್ಸಲ್ಲಿ ಬಂದ್ರೆ ಏನೂ ಕಾಣ್ಸಲ್ಲ."

"ಹುಟ್ಟಿದಾಗಿಂದ ನೋಡ್ತಾ ಇದ್ದೀಯ. ಅದೇ ಬೆಟ್ಟ, ಅದೇ ಕಡ್ಲೆಕಾಯಿ ಹೊಲ. ಹೊಸದಾಗಿ ಏನ್ ಕಾಣ್ಸಬೇಕಿತ್ತು ನಿಂಗೆ?"

ಅದಕ್ಕೆ ಅವಳು ನಗುತ್ತಾಳೆ. ನಾನು ಮಜ್ಜಿಗೆ ಕೊಡುತ್ತೇನೆ. ನಮ್ಮಿಬ್ಬರ ಮಾತು ಹೆಚ್ಚಾಗಿ ಇಷ್ಟೇ, ಮತ್ತು ಇಷ್ಟು ಸಾಕು.

ಒಂದು ಭಾನುವಾರ ಅವಳು ಮಲಗಲಿಲ್ಲ. ಟೋಪಿ ತೆಗೆಯುವ ಮೊದಲೇ ಸುದ್ದಿ ಹೇಳಿದಳು. ಅವಳೂ ಅವಳ ಜೊತೆ ಸೈಕಲ್ ತುಳಿಯುವವರೂ ಸೇರಿ ಒಂದು ದಾರಿ ಮಾಡಿಕೊಡಿ ಎಂದು ತಾಲ್ಲೂಕು ಕಚೇರಿಯವರಿಗೆ ದುಂಬಾಲು ಬಿದ್ದಿದ್ದರಂತೆ, ಅವರು ನೋಡೋಣ ಎಂದಿದ್ದಾರಂತೆ. ಕೊರಟಗೆರೆ ಕಡೆಯ ಬೆಟ್ಟದ ಬುಡದಲ್ಲಿ ಹೊರಟು, ಮಧುಗಿರಿ ಬೆಟ್ಟವನ್ನು ಬಳಸಿ, ನಮ್ಮೂರ ಮೇಲೆ ಹಾದು, ಶಿರಾ ತಾಲ್ಲೂಕಿನ ಮದಲೂರು ಕೆರೆಯ ಏರಿ ಮುಟ್ಟುವ ಒಂದು ದಾರಿ. ಲಾರಿ ಓಡುವ ರಸ್ತೆಗೆ ಕಾಲಿಡದೆ, ಹಳೆಯ ಬಂಡಿ ದಾರಿ, ಕಾಲುದಾರಿ, ಕೆರೆ ಏರಿಗಳನ್ನೇ ಒಂದಕ್ಕೊಂದು ಗಂಟು ಹಾಕಿ ಮಾಡುವುದು. ನಡೆಯುವವರು ನಡೆಯಲಿ, ಸೈಕಲ್ಲಿನವರು ತುಳಿಯಲಿ. ಮುಂದೆ ಪಾವಗಡದ ಕಡೆಗೂ ಒಂದು ಕವಲು ಎಳೆಯುವ ಆಸೆ ಅವಳಿಗೆ.

"ಅದ್ರಲ್ಲಿ ನಮ್ಮ ಹೊರೆಗಲ್ಲಿನ ದಾರೀನೂ ಐತೆ ಅಜ್ಜಿ. ನಕಾಶೇಲಿ ಒಂದ್ಸಾರಿ ಬಂದ್ಬುಟ್ರೆ ಯಾರೂ ಮುಚ್ಚಂಗಿಲ್ಲ."

"ಮುಚ್ಚೋರು ಯಾರು? ಅದು ತಾನೇ ಮುಚ್ಕಂತಾ ಐತಲ್ಲ," ಎಂದೆ.

ಸುಳ್ಳಲ್ಲ. ನಾನು ಈ ಊರಿಗೆ ಸೊಸೆಯಾಗಿ ಬಂದಾಗ ಆ ದಾರಿಯಲ್ಲಿ ಎರಡು ಬಂಡಿ ಎದುರುಬದುರು ಬಂದರೂ ಎತ್ತುಗಳು ಕೊಂಬು ತಾಗಿಸದೆ ಹೋಗುತ್ತಿದ್ದವು. ಸಂತೆಗೆ ಹೋಗುವವರು, ಹುಣಸೆಹಣ್ಣು ಹೊತ್ತವರು, ಕೆರೆಗೆ ದನ ಹೊಡೆಯುವವರು ಎಲ್ಲರಿಗೂ ಅದೇ. ಆಮೇಲೆ ಊರಿನ ಆಚೆ ಬದಿಗೆ ಟಾರು ರಸ್ತೆ ಬಂತು. ಟ್ರ್ಯಾಕ್ಟರು, ಆಟೋ ಎಲ್ಲ ಆ ಕಡೆ ಹೋದವು. ಕಾಲು ಬೀಳದ ದಾರಿ ಏನಾಗುತ್ತದೆ? ಎರಡೂ ಕಡೆಯ ಹೊಲದವರು ಉಳುವಾಗ ಒಂದೊಂದು ಸಾಲು ಈಚೆ ಬರುತ್ತಾರೆ. ಕೇಳಿದರೆ ಎತ್ತು ಎಳೆದುಬಿಟ್ಟಿತು ಎನ್ನುತ್ತಾರೆ. ಈಗ ಎತ್ತೂ ಇಲ್ಲ, ಆದರೂ ಸಾಲು ಮಾತ್ರ ಬರುತ್ತಲೇ ಇದೆ. ಉಳಿದದ್ದರಲ್ಲಿ ತಂಗಡಿ ಗಿಡ, ಆಡಿನ ಹಿಕ್ಕೆ, ಮತ್ತು ದಾರಿಯ ಕೊನೆಯಲ್ಲಿ ಹೊಲವಿರುವ ನಾನು.

ಆ ದಾರಿಯ ನಡುವೆ ಹೊರೆಗಲ್ಲು ಇದೆ. ಈಗಿನವರಿಗೆ ಗೊತ್ತಿಲ್ಲದಿದ್ದರೆ ಹೇಳಬೇಕು. ಎರಡು ಚಪ್ಪಡಿ ಎದೆಮಟ್ಟಕ್ಕೆ ನೆಟ್ಟು ಮೇಲೊಂದು ಚಪ್ಪಡಿ ಅಡ್ಡ ಹಾಸಿರುತ್ತಾರೆ. ತಲೆ ಮೇಲೆ ಹೊರೆ ಇಟ್ಟುಕೊಂಡು ಒಬ್ಬಳೇ ಬರುವ ಹೆಂಗಸು ಹೊರೆಯನ್ನು ನೆಲಕ್ಕೆ ಇಳಿಸಿದರೆ ಮತ್ತೆ ಎತ್ತಲಾರಳು, ಎತ್ತಿಕೊಡುವವರು ಬೇಕು. ಈ ಕಲ್ಲಿದ್ದರೆ ಬಗ್ಗುವಂತಿಲ್ಲ, ಯಾರನ್ನೂ ಕಾಯುವಂತಿಲ್ಲ. ತಲೆಯಿಂದ ಕಲ್ಲಿಗೆ ಜರುಗಿಸಿ, ಉಸಿರು ಬಿಟ್ಟು, ಕಲ್ಲಿನಿಂದ ತಲೆಗೆ ಜರುಗಿಸಿಕೊಂಡು ಹೊರಡುವುದು.

ಈ ಕಲ್ಲನ್ನು ಸುಮ್ಮನೆ ಯಾರೂ ನೆಡುವುದಿಲ್ಲ. ನಮ್ಮ ಕಡೆ ಬಸುರಿ ಹೆಂಗಸು ಹೆರಿಗೆಯಾಗದೆ ಸತ್ತರೆ, ಅವಳ ಮನೆಯವರು ದಾರಿಯಲ್ಲಿ ಒಂದು ಹೊರೆಗಲ್ಲು ನೆಡುತ್ತಿದ್ದರು. ಅವಳು ಹೊರೆ ಹೊತ್ತುಕೊಂಡೇ ಹೋದಳು. ದಾರಿಹೋಕರು ಆ ಕಲ್ಲಿನ ಮೇಲೆ ತಮ್ಮ ಹೊರೆ ಇಳಿಸಿದಷ್ಟು ಸಾರಿ ಅವಳದೂ ಅಷ್ಟಷ್ಟು ಇಳಿಯುತ್ತದೆ ಎಂಬ ನಂಬಿಕೆ. ನಂಬಿದವರಿಗೆ ನಂಬಿಕೆ. ನಂಬದಿದ್ದರೂ ಕತ್ತು ನೋಯುವುದಂತೂ ನಿಲ್ಲುತ್ತಿತ್ತು.

ನಮ್ಮ ದಾರಿಯ ಕಲ್ಲು ನನ್ನ ಅಕ್ಕನದು. ಅಕ್ಕನನ್ನು ಈ ಮನೆಯ ದೊಡ್ಡ ಮಗನಿಗೆ ಕೊಟ್ಟಿದ್ದರು, ಆಮೇಲೆ ಚಿಕ್ಕ ಮಗನಿಗೆ ನನ್ನನ್ನು ತಂದುಕೊಂಡರು. ನಾನು ಬಂದ ವರ್ಷವೇ ಅವಳಿಗೆ ದಿನ ತುಂಬಿತ್ತು. ನೋವು ನಿಲ್ಲಲಿಲ್ಲ, ಮಗು ಬರಲಿಲ್ಲ. ಬಂಡಿಯಲ್ಲಿ ಹುಲ್ಲು ಹಾಸಿ ಮಲಗಿಸಿ ಮಧುಗಿರಿ ಆಸ್ಪತ್ರೆಗೆ ಹೊರಟೆವು. ಅವಳ ತಲೆ ನನ್ನ ತೊಡೆಯ ಮೇಲಿತ್ತು. ಭಾವ ಎತ್ತಿನ ಮುಂದೆ ಓಡುತ್ತಿದ್ದ. ದಾರಿಯ ನಡುವೆ, ಬಂಡಿ ಹೊಡೆಯುತ್ತಿದ್ದ ನನ್ನ ಗಂಡನಿಗೆ ನಿಲ್ಲಿಸಲು ನಾನೇ ಹೇಳಿದೆ, ಇನ್ನು ಹೋಗಿ ಪ್ರಯೋಜನವಿರಲಿಲ್ಲ. ಎಲ್ಲಿ ನಿಂತಿತೋ ಅಲ್ಲಿ ಭಾವ ಕಲ್ಲು ನೆಟ್ಟ. ಇದನ್ನು ಇದಕ್ಕಿಂತ ಉದ್ದ ಹೇಳುವುದು ನನಗೆ ಬರುವುದಿಲ್ಲ.

ಭಾವನ ವಿಷಯ ಮಾತ್ರ ಸ್ವಲ್ಪ ಉದ್ದ ಹೇಳಬೇಕು. ಅಕ್ಕನ ಗಂಡ ಎಂದರೆ ನಾದಿನಿಗೆ ಸಲಿಗೆ. ಅಕ್ಕನ ಮದುವೆಯಲ್ಲಿ ನಾನು ಅವನ ಚಪ್ಪಲಿ ಬಚ್ಚಿಟ್ಟವಳು, ಮುಖಕ್ಕೆ ಅರಿಶಿನದ ನೀರು ಎರಚಿದವಳು. ಅವನ ತಮ್ಮನಿಗೆ ನನ್ನನ್ನು ಕೊಟ್ಟ ದಿನದಿಂದ ಅದೇ ಮನುಷ್ಯ ಗಂಡನ ಅಣ್ಣನಾದ. ಗಂಡನ ಅಣ್ಣನ ಎದುರು ನಮ್ಮಲ್ಲಿ ಕೂರುವಂತಿಲ್ಲ, ಮುಖ ಕೊಟ್ಟು ಮಾತಾಡುವಂತಿಲ್ಲ. ಹೇಳಬೇಕಾದರೆ ಬಾಗಿಲ ಮರೆಗೆ ನಿಂತು ನಡುವೆ ಇದ್ದ ಯಾರಿಗಾದರೂ ಹೇಳಬೇಕು. ಯಾರೂ ಇಲ್ಲದಿದ್ದರೆ ಒರಳುಕಲ್ಲಿಗೆ, ಇಲ್ಲವೇ ಕಟ್ಟಿದ ಎಮ್ಮೆಗೆ ಹೇಳಬೇಕು. ಅವನೂ ಹಾಗೆಯೇ. ಅಕ್ಕ ಸತ್ತ ಮೇಲೆ ಬೇರೆ ಊರಿಂದ ಹೆಣ್ಣು ತಂದರು. ಆ ಅಮ್ಮನೂ ಒಳ್ಳೆಯವಳೇ, ನನ್ನ ಜೊತೆ ಚೆನ್ನಾಗಿ ಬಾಳಿದಳು, ಈಗಿಲ್ಲ. ನನ್ನ ಗಂಡನೂ ಇಲ್ಲ. ಮನೆ ಭಾಗವಾಗಿ ನಡುವೆ ಗೋಡೆ ಎದ್ದಿದೆ. ಆದರೂ ಭಾವ ಜಗಲಿಗೆ ಬಂದರೆ ನನ್ನ ಕೈ ತಾನಾಗಿ ಸೆರಗು ಹುಡುಕುತ್ತದೆ. ಒಬ್ಬ ಮನುಷ್ಯನ ಜೊತೆ ಒಂದೇ ಸೂರಿನ ಕೆಳಗೆ ಬಾಳಿ ಮುದುಕಿಯಾದೆ, ಅವನನ್ನು ನೇರವಾಗಿ ಒಂದು ಮಾತೂ ಕೇಳಿದವಳಲ್ಲ.

ಕೇಳಬೇಕಾದದ್ದು ಇತ್ತು. ಹೊರೆಗಲ್ಲಿನ ಪಕ್ಕದ ಹೊಲ ಭಾವನದು. ಬೇರೆಯವರು ದಾರಿಗೆ ಒಂದು ಸಾಲು ಬಂದರೆ, ಅವನು ಕಲ್ಲಿನ ಹತ್ತಿರ ಬದುವನ್ನೇ ಈಚೆ ತಂದಿದ್ದ. ತಂದು, ಕಲ್ಲು ಜೋಡಿಸಿ, ಮೇಲೆ ಸಾಲಾಗಿ ಕತ್ತಾಳೆ ಹಾಕಿದ್ದ. ಕಲ್ಲಿಗೂ ಕತ್ತಾಳೆಯ ಮುಳ್ಳಿಗೂ ನಡುವೆ ಒಬ್ಬ ಮನುಷ್ಯ, ಒಂದು ಆಡು ಹೋಗುವಷ್ಟು ಸಂದು. ಬುತ್ತಿಯ ಕುಕ್ಕೆ ಹೊತ್ತು ಹೊಲಕ್ಕೆ ಹೋಗುವಾಗೆಲ್ಲ ಮುಳ್ಳು ನನ್ನ ಸೀರೆ ಹಿಡಿಯುತ್ತಿತ್ತು. ಹೆಂಡತಿಗೆ ನೆಟ್ಟ ಕಲ್ಲಿನ ಕೊರಳಿಗೇ ಬದು ತಂದ ಮನುಷ್ಯನಿಗೆ ಮಣ್ಣಿನ ಆಸೆ ಎಷ್ಟಿರಬೇಡ ಎಂದುಕೊಂಡು ಪ್ರತಿ ಸಾರಿ ಸೆರಗು ಬಿಡಿಸಿಕೊಂಡು ಮುಂದೆ ಹೋಗುತ್ತಿದ್ದೆ.

ಮೊಮ್ಮಗಳು ತಾಲ್ಲೂಕಿನ ಇಂಜಿನಿಯರನ್ನು ಕರೆತಂದ ದಿನ ದಾರಿ ತೋರಿಸಲು ನಾನೂ ಹೋದೆ. ಒಳ್ಳೆಯ ಹುಡುಗ. ಬಿಸಿಲಲ್ಲಿ ಟೇಪು ಹಿಡಿದು ತಾನೇ ಅಳೆಯುತ್ತಿದ್ದ, ಜೊತೆಗೆ ಬಂದವರಿಗೆ ಹೇಳಿ ತಾನು ಮರದ ನೆರಳು ಹಿಡಿಯುವ ಜಾತಿಯಲ್ಲ. ಹೊಂಗೆ ಸಾಲು ನೋಡಿ ಇದನ್ನು ಕಡಿಯುವುದು ಬೇಡ ಎಂದ. ಹಳ್ಳದ ಹತ್ತಿರ ಒಂದು ಮೋರಿ ಹಾಕಿದರೆ ಮಳೆಗಾಲದಲ್ಲೂ ದಾಟಬಹುದು ಎಂದ. ಎಲ್ಲ ಸರಿಯಾಗೇ ಇತ್ತು, ಹೊರೆಗಲ್ಲು ಬರುವ ತನಕ. ಅಲ್ಲಿ ಟೇಪು ಹಿಡಿದು, ಒಂದು ಸಾರಿ ಕಲ್ಲನ್ನೂ ಒಂದು ಸಾರಿ ಬದುವನ್ನೂ ನೋಡಿದ.

"ಅಜ್ಜಿ, ದಾರಿ ಎಲ್ಲಾ ಕಡೆ ಒಂದೇ ಅಗಲ ಇರ್ಬೇಕು. ಇಲ್ಲಿ ತುಂಬಾ ಕಿರಿದಾಗಿದೆ. ಒಂದೋ ಆ ಬದು ಹಿಂದೆ ಹೋಗ್ಬೇಕು, ಇಲ್ಲಾ ಈ ಕಲ್ಲು ಬೇರೆ ಕಡೆ ಹೋಗ್ಬೇಕು."

"ಕಲ್ಲು ಎಲ್ಲಿಗೆ ಹೋಗ್ತದಪ್ಪಾ? ಅದಕ್ಕೇನ್ ಸೈಕಲ್ ಐತಾ?"

ಅವನು ನಕ್ಕ. ಊರ ಮುಂದಿನ ಕಟ್ಟೆಯ ಹತ್ತಿರ ಮರ್ಯಾದೆಯಿಂದ ನಿಲ್ಲಿಸೋಣ, ಸುತ್ತ ಬೇಲಿ ಹಾಕಿ ಹೊರೆಗಲ್ಲು ಎಂದು ಬರೆಸೋಣ, ಹೊರಗಿನವರೂ ನೋಡುತ್ತಾರೆ ಎಂದ. ಮನಸ್ಸಿನಲ್ಲಿ ಕೆಟ್ಟದ್ದಿಟ್ಟುಕೊಂಡು ಹೇಳಿದ್ದಲ್ಲ. ಆದರೆ ಬೇಲಿಯೊಳಗಿನ ಕಲ್ಲಿನ ಮೇಲೆ ಯಾರು ಹೊರೆ ಇಳಿಸುತ್ತಾರೆ? ಇನ್ನೊಂದು ಕಡೆ ಯೋಚಿಸಿದರೆ, ದಾರಿಯಲ್ಲೇ ಇದ್ದರೂ ಈಗ ಯಾರು ಇಳಿಸುತ್ತಾರೆ? ಹುಲ್ಲು ಟ್ರ್ಯಾಕ್ಟರಿನಲ್ಲಿ ಬರುತ್ತದೆ, ಸೌದೆ ಯಾರಿಗೂ ಬೇಡ. ನನ್ನ ಬುತ್ತಿ ಕುಕ್ಕೆ ಒಂದು ಬಿಟ್ಟರೆ ಆ ಕಲ್ಲಿಗೆ ಬೇರೆ ಹೊರೆಯೇ ಇರಲಿಲ್ಲ. ಆ ಕುಕ್ಕೆಯೂ ಭಾರವೇನಲ್ಲ, ಆದರೂ ಅಲ್ಲಿ ಇಳಿಸದೆ ನಾನು ಮುಂದೆ ಹೋದವಳಲ್ಲ. ಅಭ್ಯಾಸ.

ಮುಂದಿನ ವಾರ ಬಂದು ಊರವರ ಮಾತು ಕೇಳಿ ಗೆರೆ ಎಳೆಯುವುದಾಗಿ ಹೇಳಿ ಅವನು ಹೋದ. ಎರಡೂ ಆಗದಿದ್ದರೆ ದಾರಿಯನ್ನು ಇಲ್ಲಿ ಬಿಟ್ಟು ಟಾರು ರಸ್ತೆಗೆ ತಿರುಗಿಸಬೇಕಾಗುತ್ತದೆ ಎಂದೂ ಹೇಳಿದ. ಹಾಗಾದರೆ ಹೊರೆಗಲ್ಲಿನ ದಾರಿ ನಕಾಶೆಗೆ ಬರುವುದಿಲ್ಲ. ಇನ್ನು ಸ್ವಲ್ಪ ವರ್ಷಕ್ಕೆ ಎರಡೂ ಕಡೆಯ ಹೊಲ ಕೂಡಿಕೊಂಡು, ಕಲ್ಲು ಯಾರದೋ ರಾಗಿ ನಡುವೆ ನಿಲ್ಲುತ್ತದೆ.

ಮೊಮ್ಮಗಳ ಮುಖ ಇಳಿದಿತ್ತು. "ದೊಡ್ಡಜ್ಜನ್ನ ಕೇಳನಾ ಅಜ್ಜಿ," ಎಂದಳು. ಸಂಜೆ ಅವಳನ್ನು ನಡುವೆ ಕೂರಿಸಿಕೊಂಡು ಕೇಳಿದೆವು. ಭಾವ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದ. ನಾನು ಬಾಗಿಲ ಒಳಗೆ.

"ಬದು ಹಿಂದಕ್ಕೆ ತಗಬೇಕಂತೆ ಅಂತ ಹೇಳೇ," ಎಂದೆ.

ಅವಳು ಹೇಳುವ ಮೊದಲೇ ಅವನು ಅವಳಿಗೆ ಹೇಳಿದ. "ಬದು ಬುಡಲ್ಲ ಅಂತ ಹೇಳವ್ವ."

"ಸತ್ತಾಗ ಕತ್ತಾಳೆ ತಲೆ ಮೇಲೆ ಹೊತ್ಕಂಡ್ ಹೋಯ್ತಾರಂತಾ ಅಂತ ಕೇಳು."

"ದೊಡ್ಡಜ್ಜ, ಅಜ್ಜಿ ಏನಂತಾಳೆ ಅಂದ್ರೆ—"

"ಕೇಳುಸ್ತವ್ವ. ನಂಗೆ ಕಣ್ಣು ಮಂಜು, ಕಿವಿ ಚೆನ್ನಾಗೈತೆ. ಸೈಕಲ್ ಹೋಗಾಕೆ ಎಷ್ಟು ಜಾಗ ಬೇಕಂತೆ?"

"ಸೈಕಲ್ಲಿಗಲ್ಲ, ದಾರಿಗೆ. ಒಂದೇ ಅಗಲ ಇರ್ಬೇಕಂತೆ ದೊಡ್ಡಜ್ಜ. ಇಲ್ಲಾಂದ್ರೆ ಕಲ್ಲು ಕೀಳ್ತಾರೆ."

ಭಾವ ಪಕ್ಕದಲ್ಲಿದ್ದ ಕೋಲಿಗೆ ಕೈ ಹಾಕಿದ. ಆಮೇಲೆ, "ಬದೂ ಬುಡಲ್ಲ, ಕಲ್ಲೂ ಬುಡಲ್ಲ," ಎಂದು ಎದ್ದು ಒಳಗೆ ಹೋದ.

"ಎಂಥಾ ಹಟಮಾರಿ ಅಜ್ಜಿ," ಎಂದಳು ಮೊಮ್ಮಗಳು.

"ಹಟ ಅಲ್ಲ, ಆಸೆ. ಮಣ್ಣಿನಾಸೆ," ಎಂದೆ, ಗೋಡೆಯಾಚೆಗೂ ಕೇಳುವಷ್ಟು ಗಟ್ಟಿಯಾಗಿ.

ಅದರ ಮರುದಿನ ಬೆಳಿಗ್ಗೆ ಎಂದಿಗಿಂತ ಬೇಗ ಹೊಲಕ್ಕೆ ಹೊರಟೆ. ಸಿಟ್ಟಿತ್ತು, ಸಿಟ್ಟಿದ್ದಾಗ ನನ್ನ ಕಾಲು ಚೆನ್ನಾಗಿ ನಡೆಯುತ್ತದೆ. ಮಧುಗಿರಿ ಬೆಟ್ಟಕ್ಕೆ ಇನ್ನೂ ಬಿಸಿಲು ಬಿದ್ದಿರಲಿಲ್ಲ. ಹೊಂಗೆ ಸಾಲು ದಾಟಿದರೆ ಹೊರೆಗಲ್ಲಿನ ಹತ್ತಿರ ಯಾರೋ ಇದ್ದರು. ಭಾವ. ತಲೆ ಮೇಲೆ ಒಂದು ಹಿಡಿ ಹುಲ್ಲಿನ ಕಂತೆ, ಪಕ್ಕದಲ್ಲಿ ಅವನ ಆಡು. ಆ ಹುಲ್ಲನ್ನು ಕಂಕುಳಲ್ಲಿ ಇರುಕಿಕೊಂಡು ಹೋಗಬಹುದಿತ್ತು, ಮಗುವೂ ಹೊರುವಷ್ಟಿತ್ತು. ಅವನು ಅದಕ್ಕೆ ಸಿಂಬೆ ಸುತ್ತಿ ತಲೆ ಮೇಲಿಟ್ಟುಕೊಂಡಿದ್ದ. ಎರಡೂ ಕೈಯಿಂದ ಹಿಡಿದು ಮೆಲ್ಲಗೆ ಕಲ್ಲಿನ ಮೇಲೆ ಇಳಿಸಿದ. ಇಳಿಸಿ, ಚಪ್ಪಡಿಯ ಮೇಲೆ ಕೈಯಿಟ್ಟುಕೊಂಡು ನಿಂತ.

ನಾನು ಹೊಂಗೆಯ ಹತ್ತಿರವೇ ನಿಂತುಬಿಟ್ಟೆ. ಸೆರಗು ಎಳೆದುಕೊಂಡೆ. ತಿರುಗಿ ಹೋಗುವುದಾ, ಮುಂದೆ ಹೋಗುವುದಾ ತಿಳಿಯಲಿಲ್ಲ. ಕೆಮ್ಮಿದೆ.

ಅವನು ತಿರುಗಲಿಲ್ಲ. ಕೆಮ್ಮಿನಲ್ಲೇ ಗುರುತು ಸಿಕ್ಕಿತ್ತು. ನಡುವೆ ಮಾತು ದಾಟಿಸಲು ಮನುಷ್ಯರು ಯಾರೂ ಇರಲಿಲ್ಲ, ಆಡು ಇತ್ತು.

"ಮಣ್ಣಿನಾಸೆ ಅಂತೆ ಕಣ್ಲಾ ನಂಗೆ," ಎಂದು ಆಡಿಗೆ ಹೇಳಿದ. "ಗೋಡೆ ಆಚೆಗೆ ಕೇಳುಸ್ತು."

"ಕೇಳಿಸ್ಲಿ ಅಂತಾನೇ ಅಂದಿದ್ದು," ಎಂದು ನಾನೂ ಆಡಿಗೇ ಹೇಳಿದೆ. "ಕಲ್ಲಿನ ಮೈಮೇಲೆ ಬದು ತಂದ್ರೆ ಇನ್ನೇನ್ ಅನ್ಬೇಕು?"

"ಆ ಮೂಲೆ ನೋಡಾಕೆ ಹೇಳ್ಲಾ."

ನೋಡಿದೆ. ಮೇಲಿನ ಚಪ್ಪಡಿಯ ಮೂಲೆ ಒಡೆದದ್ದು ನನಗೇನೂ ಹೊಸದಲ್ಲ. ಕುಕ್ಕೆ ಇಡುವಾಗ ಆ ಮೂಲೆ ಬಿಟ್ಟು ಇಡುತ್ತಿದ್ದೆ. ಹಳೆ ಕಲ್ಲು, ಬಿಸಿಲಿಗೆ ಸಿಡಿದಿದೆ ಎಂದುಕೊಂಡಿದ್ದೆ.

"ಕೆರೆ ಹೂಳು ಎತ್ತಿದ್ ವರ್ಷ," ಎಂದ ಭಾವ. ಆಡು ಹುಲ್ಲಿಗೆ ಬಾಯಿ ಹಾಕಿತು, ಅವನು ಅದರ ಮೂತಿ ಪಕ್ಕಕ್ಕೆ ತಳ್ಳಿದ. "ಟಿಪ್ಪರ್ ಗಾಡಿಗಳು ಟಾರು ರಸ್ತೆ ಸುತ್ತು ಅಂತ ಈ ಕಡೆ ನುಗ್ತಿದ್ವು. ಒಂದು ಗಾಡಿ ಇದಕ್ಕೆ ಗುದ್ಬುಟ್ಟು ಹೋಯ್ತು. ಬಂದು ನೋಡ್ತೀನಿ, ಚಪ್ಪಡಿ ಕೆಳಗೆ ಬಿದ್ದೈತೆ. ಒಂದು ಕಾಲು ವಾಲ್ಕಂಡೈತೆ. ಎತ್ತಿ ನಿಲ್ಸೋಕೆ ನಾಲ್ಕು ಜನ ಬೇಕಾಯ್ತು."

ಅದು ನನಗೆ ಗೊತ್ತೇ ಇರಲಿಲ್ಲ. ಆ ಬೇಸಿಗೆಯಲ್ಲಿ ನಾನು ಶಿರಾದಲ್ಲಿ ಮಗಳ ಬಾಣಂತನಕ್ಕೆ ಹೋಗಿದ್ದೆ. ತಿರುಗಿ ಬಂದಾಗ ಕಲ್ಲು ಮೊದಲಿನಂತೆಯೇ ನಿಂತಿತ್ತು, ಬದು ಮಾತ್ರ ಈಚೆ ಬಂದಿತ್ತು.

"ಅವ್ರಿಗೆ ಹೇಳ್ದೆ, ಕೇಳ್ಳಿಲ್ಲ," ಎಂದ. "ದಾರಿ ನಿಮ್ಮಪ್ಪಂದಾ ಅಂದ್ರು. ಅದಕ್ಕೆ ಗಾಡಿ ಹಿಡಿಸ್ದಂಗೆ ಮಾಡ್ಬುಟ್ಟೆ. ಬಂಡಿ ಹೋಗೋದು ನಿಂತಿತ್ತು. ಮನುಷ್ಯರು ಹೋದ್ರೆ ಸಾಕು, ಹೊರೆ ಇಳಿಸೋರು ಮನುಷ್ಯರು ತಾನೇ."

"ಬದುವಿನ ಮೇಲೆ ಏನಾನಾ ಬೆಳ್ದವ್ರಾ ಅಂತ ಕೇಳು," ಎಂದೆ. ಸಿಟ್ಟು ಇಳಿಯುತ್ತಿದ್ದರೂ ಒಪ್ಪಿಕೊಳ್ಳುವ ಮನಸ್ಸಿರಲಿಲ್ಲ.

"ಕತ್ತಾಳೇಲಿ ಏನ್ಲಾ ಬೆಳೀತಾರೆ?" ಎಂದು ಆಡನ್ನು ಕೇಳಿದ.

ನಿಜ. ಬದುವಿನ ಹಿಂದೆ ಎರಡು ಮೂರು ಮಾರು ಜಾಗ ಬೀಳು ಬಿದ್ದಿತ್ತು. ಅಲ್ಲಿಂದಾಚೆಗೆ ಅವನ ಕಡಲೆಕಾಯಿ. ಇಷ್ಟು ವರ್ಷ ಓಡಾಡಿದ ನಾನು ಮುಳ್ಳು ಮಾತ್ರ ನೋಡಿದ್ದೆ.

"ಇಷ್ಟು ದಿನ ಹೇಳ್ಬೋದಾಗಿತ್ತು," ಎಂದೆ.

"ಯಾರ್ ಕೈಲಿ ಹೇಳಿ ಕಳುಸ್ಲಿ? ಹೆಂಡ್ತಿ ಕೈಲಾ? ತಮ್ಮನ ಕೈಲಾ?" ಎಂದ ಭಾವ.

ಸತ್ತ ಮೊದಲ ಹೆಂಡತಿಯ ಕಲ್ಲಿನ ಮಾತನ್ನು ಎರಡನೆಯವಳ ಬಾಯಲ್ಲಿ ಹೇಳಿಸಲಾಗುತ್ತದೆಯೇ? ನಾನು ಮುಂದೆ ಹೋಗಿ ಕುಕ್ಕೆಯನ್ನು ಹುಲ್ಲಿನ ಕಂತೆಯ ಪಕ್ಕ ಇಳಿಸಿದೆ. ಅವನು ಆ ಪಕ್ಕ, ನಾನು ಈ ಪಕ್ಕ, ನಡುವೆ ಕಲ್ಲು. ಕುಕ್ಕೆಯಿಂದ ಅರ್ಧ ರೊಟ್ಟಿ ಮುರಿದು ಹುಚ್ಚೆಳ್ಳು ಚಟ್ನಿ ಹಚ್ಚಿ ಚಪ್ಪಡಿಯ ಮೇಲಿಟ್ಟೆ, ಆಡು ನೋಡದ ಹಾಗೆ. ಅವನು ತಿಂದ. ಹಲ್ಲಿಲ್ಲದ್ದರಿಂದ ನಿಧಾನವಾಯಿತು. ನಾನು ಕಾದೆ.

ಆ ರಾತ್ರಿಯೇ ಮೊಮ್ಮಗಳಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವಳು ಟಿಪ್ಪರ್ ಹಿಡಿಸದ ಸಂದಿನಲ್ಲಿ ಸೈಕಲ್ ಹಿಡಿಸುತ್ತದಾ ಎಂದು ಕೇಳಿದಳು.

"ನನ್ ಸೊಂಟ ಹಿಡಿಸ್ತದೆ. ನಿನ್ ಸೈಕಲ್ ಅದಕ್ಕಿಂತ ದಪ್ಪ ಇಲ್ಲ ಕಣಮ್ಮ," ಎಂದೆ.

ಇಂಜಿನಿಯರ್ ಬಂದ ದಿನ ಊರವರು ಸುಮಾರು ಜನ ಸೇರಿದ್ದರು. ನಕಾಶೆಗೆ ಬಂದರೆ ದಾರಿಗೆ ಬಿದ್ದ ಸಾಲುಗಳನ್ನು ಬಿಡಬೇಕಾಗುತ್ತದೆ ಎಂಬ ಭಯ ಕೆಲವರಿಗೆ. ಸೈಕಲ್ಲಿನವರು ಬಂದರೆ ಎಳನೀರು, ಕಾಫಿ ಮಾರಬಹುದು ಎಂಬ ಲೆಕ್ಕ ಇನ್ನು ಕೆಲವರಿಗೆ. ಎರಡೂ ಒಂದೇ ಮನುಷ್ಯನಲ್ಲಿ ಇದ್ದದ್ದೂ ಉಂಟು. ಮೊಮ್ಮಗಳು ಯಾರಿಗೂ ಭಾಷಣ ಮಾಡಲಿಲ್ಲ. ಸೈಕಲ್ಲಿನಿಂದ ಇಳಿದು, ಅದನ್ನು ತಳ್ಳಿಕೊಂಡು ಕಲ್ಲಿಗೂ ಕತ್ತಾಳೆಗೂ ನಡುವೆ ಹೋದಳು. ಹ್ಯಾಂಡಲ್ ತಾಗಲಿಲ್ಲ. ತಿರುಗಿಸಿಕೊಂಡು ಮತ್ತೆ ಬಂದಳು.

"ಸರ್, ಇಲ್ಲಿ ಅಗಲ ಮಾಡಿದ್ರೆ ನಾಳೆನೇ ಮಣ್ಣಿನ ಗಾಡಿ ಬರ್ತವೆ," ಎಂದಳು. "ಆಮೇಲೆ ಸೈಕಲ್ಲಿನವ್ರೂ ಇರಲ್ಲ, ನಡಿಯೋರೂ ಇರಲ್ಲ. ಇದೊಂದು ಕಡೆ ಕಿರಿದಾಗಿದ್ರೆ ಇಡೀ ದಾರಿ ಉಳಿಯುತ್ತೆ."

ಅವನು ತಕ್ಷಣ ಒಪ್ಪಲಿಲ್ಲ, ಒಪ್ಪಬಾರದು ಕೂಡ. ಯಾರಾದರೂ ಬಿದ್ದು ಕಾಲು ಮುರಿದುಕೊಂಡರೆ ಆಂಬುಲೆನ್ಸ್ ಹೇಗೆ ಬರುತ್ತದೆ ಎಂದು ಕೇಳಿದ. ಈ ದಾರಿಯಲ್ಲಿ ಆ ಪ್ರಶ್ನೆಯನ್ನು ಕೇಳಬೇಕಾದದ್ದೇ. ಭಾವ ಕೋಲೂರಿಕೊಂಡು ಜನರ ಹಿಂದೆ ನಿಂತಿದ್ದ. ಅವನೂ ತಲೆ ಎತ್ತಿದ.

"ಎರಡೂ ಕಡೆಯಿಂದ ಕಲ್ಲಿನ ತಂಕ ಗಾಡಿ ಬರ್ಲಿ," ಎಂದೆ. "ಈ ಕಡೆ ಬಿದ್ದೋರ್ನ ಈ ಕಡೆಯಿಂದ ಎತ್ಕಂಡ್ ಹೋಗ್ಲಿ, ಆ ಕಡೆ ಬಿದ್ದೋರ್ನ ಆ ಕಡೆಯಿಂದ. ಕಲ್ಲು ದಾಟಿ ಓಡ್ಬಾರ್ದು, ಅಷ್ಟೇ. ಅಂಗೆ ಮಾಡಾಕೆ ಆಗ್ತದಾ ನೋಡಪ್ಪ."

ಇಂಜಿನಿಯರ್ ಊರ ಕಡೆಯ ತುದಿಗೂ ಕೆರೆ ಕಡೆಯ ತುದಿಗೂ ನಡೆದು ನೋಡಿ ಬಂದ. ಗಾಡಿ ತಿರುಗಿಸಲು ಎರಡೂ ಕಡೆ ಸ್ವಲ್ಪ ಜಾಗ ಬೇಕು ಎಂದ. ಕೆರೆ ಕಡೆಗೆ ಬೇಕಾದ ಜಾಗ ನಮ್ಮ ಹೊಲದ ಮೂಲೆಯಲ್ಲಿತ್ತು, ಕೊಡುತ್ತೇನೆ ಎಂದೆ. ಹೊಲ ಉಳುವ ನನ್ನ ಮಗ ನನ್ನ ಮುಖ ನೋಡಿದ. ಊರ ಕಡೆಗೆ, ಬದುವಿನ ತುದಿಯಲ್ಲಿ, ಭಾವ ಬಿಟ್ಟಿದ್ದ ಬೀಳು ಇತ್ತು.

"ಅದನ್ನ ತಗಳ್ಳಿ ಅಂತ ಹೇಳವ್ವ. ಬದು ಮಾತ್ರ ಮುಟ್ಟಬ್ಯಾಡಿ," ಎಂದು ಭಾವ ಮೊಮ್ಮಗಳಿಗೆ ಹೇಳಿದ.

ಹಾಗೆ ಗೆರೆ ಬಿತ್ತು. ಕಲ್ಲಿನ ಎರಡೂ ಕಡೆ ಸ್ವಲ್ಪ ದೂರದಲ್ಲಿ 'ಇಲ್ಲಿ ಸೈಕಲ್ ಇಳಿದು ನಡೆಯಿರಿ' ಎಂಬ ಬೋರ್ಡು ನಿಂತಿತು. ಮೊಮ್ಮಗಳಿಗೆ ಅದರ ಕೆಳಗೆ ನನ್ನ ಅಕ್ಕನ ಕಥೆಯನ್ನೂ ಬರೆಸುವ ಆಸೆ. ನಾನು ಬೇಡ ಎಂದೆ.

"ಯಾಕಜ್ಜಿ? ಬರೋರಿಗೆ ಗೊತ್ತಾಗ್ಬೇಡ್ವಾ?"

"ಗೊತ್ತಾದ್ರೆ ಅಯ್ಯೋ ಪಾಪ ಅಂತಾರೆ. ಫೋಟೋ ಹೊಡ್ಕಂತಾರೆ. ನಮಗೆ ಬೇಕಾಗಿರೋದು ಅದಲ್ಲ, ಹೊರೆ ಇಳ್ಸೋದು. ಇಳ್ಸಿದ್ರೆ ಇಳಿಸ್ಲಿ, ಬುಟ್ರೆ ಬುಡ್ಲಿ. ಹೇಳಿ ಇಳಿಸ್ಕಣಾದು ನಂಗೆ ಬ್ಯಾಡ."

ಬೋರ್ಡಿನಲ್ಲಿ ಬೇಡ ಎಂದವಳು ಇಲ್ಲಿ ಯಾಕೆ ಬರೆಯುತ್ತೀ ಎಂದು ಅವಳು ಕೇಳಿದಳು. ಬೋರ್ಡನ್ನು ನಿಂತು ಓದಿ ಹೋಗುತ್ತಾರೆ. ಇದನ್ನು ಕೂತು ಓದುವವರಿಗೆ ಅಯ್ಯೋ ಪಾಪ ಎನ್ನುವುದಕ್ಕಿಂತ ಹೆಚ್ಚು ಪುರುಸೊತ್ತಿರುತ್ತದೆ.

ಮಳೆ ನಿಂತು, ಹಳ್ಳದ ಮೋರಿ ಒಣಗಿದ ಮೇಲೆ, ಮೊದಲ ಸಾರಿ ಅಷ್ಟು ಜನ ಸೈಕಲ್ಲಿನಲ್ಲಿ ಬಂದರು. ಕೊರಟಗೆರೆಯವರು, ಮಧುಗಿರಿಯವರು, ಶಿರಾದಿಂದ ಇಬ್ಬರು, ಪಾವಗಡದಿಂದ ಒಬ್ಬಳು. ನಾನು ಹೊಲಕ್ಕೆ ಹೋಗುವ ನೆವ ಮಾಡಿಕೊಂಡು ಹೊಂಗೆಯ ನೆರಳಲ್ಲಿ ಕೂತಿದ್ದೆ. ಭಾವ ಆಡು ಮೇಯಿಸುವ ನೆವದಲ್ಲಿ ಬದುವಿನಾಚೆ ನಿಂತಿದ್ದ. ಮೊದಲು ಬಂದವರು ಬೋರ್ಡು ಓದಿದರು, ಇಳಿದರು, ಸೈಕಲ್ ತಳ್ಳಿಕೊಂಡು ಸಂದು ದಾಟಿದರು, ಮತ್ತೆ ಹತ್ತಿ ಹೊರಟರು. ಕಲ್ಲಿನ ಕಡೆ ಯಾರೂ ನೋಡಲಿಲ್ಲ. ಅವರ ಹಿಂದೆ ಬಂದವರೂ ಹಾಗೆಯೇ. ಒಬ್ಬ ಕತ್ತಾಳೆಯ ಫೋಟೋ ಹೊಡೆದುಕೊಂಡ. ನಾನು ಸೆರಗಿನ ಅಂಚು ಸುತ್ತುತ್ತಾ ಕೂತಿದ್ದೆ. ಮೊಮ್ಮಗಳು ನನ್ನ ಕಡೆ ನೋಡಿದಳು, ಬಾಯಿ ತೆರೆದಳು. ಸುಮ್ಮನಿರು ಎಂದು ಕೈ ಮಾಡಿದೆ.

ಕೊನೆಗೆ ಪಾವಗಡದ ಹೆಂಗಸು ಬಂದಳು. ನಡುವಯಸ್ಸು, ದಪ್ಪ ಮೈ, ಎದುರುಸಿರು ಬಿಡುತ್ತಿದ್ದಳು. ಬೆನ್ನಿಗೆ ಎಲ್ಲರ ಊಟವನ್ನೂ ತಾನೇ ತಂದವಳ ಹಾಗೆ ಒಂದು ದೊಡ್ಡ ಚೀಲ. ಸೈಕಲ್ಲನ್ನು ಬದುವಿಗೆ ಒರಗಿಸಿದಳು. ಚೀಲ ನೆಲಕ್ಕಿಡಲು ಬಗ್ಗಿದವಳು ಧೂಳು ನೋಡಿ ನಿಂತಳು. ಸುತ್ತ ನೋಡಿದಳು. ಎದೆಮಟ್ಟದ ಚಪ್ಪಡಿ ಕಂಡಿತು. ಬೆನ್ನು ತಿರುಗಿಸಿ, ಚೀಲದ ತಳವನ್ನು ಕಲ್ಲಿಗೆ ತಾಗಿಸಿ, ಭುಜದಿಂದ ಪಟ್ಟಿಗಳನ್ನು ಒಂದೊಂದಾಗಿ ಜಾರಿಸಿದಳು. ಯಾರೂ ಕಲಿಸಿರಲಿಲ್ಲ. ಕಲ್ಲಿನ ಎತ್ತರವೇ ಕಲಿಸಿತು.

"ಅಬ್ಬಾ, ಬರುವು ದಿಗಿಂದಿ," ಎಂದು ತೆಲುಗಿನಲ್ಲಿ ಹೇಳಿಕೊಂಡು ಕತ್ತು ನೀವಿಕೊಂಡಳು. ಭಾರ ಇಳಿಯಿತು ಎಂದು.

ಭಾವ ಬದುವಿನಾಚೆಯಿಂದ ನನ್ನ ಕಡೆ ತಿರುಗಿದ. ಆಡು ದೂರದಲ್ಲೆಲ್ಲೋ ಮೇಯುತ್ತಿತ್ತು. ಮೊಮ್ಮಗಳು ಹಳ್ಳದ ಹತ್ತಿರ ಇದ್ದಳು. ನಡುವೆ ಯಾರೂ ಇರಲಿಲ್ಲ.

"ಕೇಳುಸ್ತೇನಮ್ಮಿ?" ಎಂದ.

ನನ್ನ ಕೈ ಸೆರಗಿಗೆ ಹೋಯಿತು, ಅರ್ಧಕ್ಕೆ ನಿಂತಿತು.

"ಕೇಳುಸ್ತು ಭಾವ," ಎಂದೆ.

ಆ ಹೆಂಗಸು ನೀರು ಕುಡಿದು, ಹಾಗೇ ಬೆನ್ನು ಕೊಟ್ಟು ಚೀಲ ಏರಿಸಿಕೊಂಡು ಹೊರಟಳು. ಅವಳು ಹೋದ ಮೇಲೆ ನಾನೂ ಎದ್ದೆ. ಬುತ್ತಿ ತಣ್ಣಗಾಗುತ್ತಿತ್ತು, ಹೊಲದಲ್ಲಿ ಕಳೆ ಕೀಳುವವರು ಕಾಯುತ್ತಿದ್ದರು. ಕಲ್ಲಿನ ಹತ್ತಿರ ಬಂದು, ಕುಕ್ಕೆ ಇಳಿಸಿ, ಒಂದು ಉಸಿರು ಬಿಟ್ಟು, ಮತ್ತೆ ತಲೆಗೆ ಏರಿಸಿಕೊಂಡೆ.